ದಾನಿಯ ಫೋಟೋ ಇದ್ದ ಕಂಪ್ಯೂಟರ್

೧೯೯೭ರಲ್ಲಿ, ಎಂಟನೇ ತರಗತಿಯ ನಡುವೆ ನಾನು ಶಾಲೆ ಬಿಟ್ಟೆ. ಕೊಪ್ಪಳದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವರ ಬಳಿ ಕೆಲಸಕ್ಕೆ ಸೇರಿದೆ. ಅಂಟು ಕುದಿಸುವುದು, ಹಾಳೆ ಹೊಲಿಯುವುದು, ಬೆನ್ನಿಗೆ ಬಟ್ಟೆ ಹಚ್ಚುವುದು. ಓದು ಬಿಟ್ಟವನ ಕೈಗೆ ದಿನವೂ ಪುಸ್ತಕವೇ ಬರುತ್ತಿತ್ತು, ಹೊಲಿಯುತ್ತಲೇ ಓದಿಕೊಂಡೆ. ಆ ಕೆಲಸ ಬಲ್ಲವನೆಂದು ಮುಂದೆ ನಮ್ಮೂರ ಗ್ರಂಥಾಲಯಕ್ಕೆ ಕರೆದರು. ಕುಕನೂರಿನಿಂದ ಯಲಬುರ್ಗಾಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಮೇಲ್ವಿಚಾರಕರು ಇನ್ನೊಂದು ಊರನ್ನೂ ನೋಡಿಕೊಳ್ಳಬೇಕಿದ್ದರಿಂದ ಕೀಲಿಕೈ ನನ್ನ ಬಳಿಯೇ ಇರುತ್ತಿತ್ತು. ಕಸ ಗುಡಿಸುವುದರಿಂದ ಹಿಡಿದು ಹರಿದ ಪುಟ ಅಂಟಿಸುವವರೆಗೆ ಎಲ್ಲ ನಾನೇ. ಇಂದಿಗೂ ಆ ಕೆಲಸದಲ್ಲಿ, ಒಂದು ಸಲ ಬಿಟ್ಟರೆ, ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡಿಲ್ಲ.

ನಮ್ಮ ಕಡೆ ದಾನ ಕೊಟ್ಟ ಸಾಮಾನಿನ ಮೇಲೆ ದಾನಿಯ ಹೆಸರು ಇರಲೇಬೇಕು. ಗುಡಿಯ ಗಂಟೆಯ ಮೇಲೆ, ಬಸ್ ನಿಲ್ಲುವಲ್ಲಿನ ಕಲ್ಲುಬೆಂಚಿನ ಮೇಲೆ, ಎಲ್ಲ ಕಡೆ. ನಮ್ಮ ಗ್ರಂಥಾಲಯದ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಗೊಬ್ಬರದ ಅಂಗಡಿಯ ಸಾಹುಕಾರರ ಹೆಸರು ಕೆಂಪು ಬಣ್ಣದಲ್ಲಿತ್ತು. ಕರೆಂಟು ಹೋಗಿ ಫ್ಯಾನು ನಿಂತಾಗ ಮಾತ್ರ ಓದಲು ಬರುತ್ತಿತ್ತು.

ನಾನು ಶಾಲೆ ಬಿಟ್ಟು ಇಪ್ಪತ್ತು ವರ್ಷ ದಾಟಿದ ಮೇಲೆ ಅದೇ ಸಾಹುಕಾರರು ಒಂದು ಕಂಪ್ಯೂಟರನ್ನೂ ಕೊಟ್ಟರು. ಅದರ ಮೇಲೆ ಹೆಸರು ಎಲ್ಲಿ ಬರೆಯುವುದು? ಪೇಂಟರನು ಬಂದು ಸುತ್ತ ತಿರುಗಿ ನೋಡಿ, ‘ಕುಂಚ ಹಚ್ಚಾಕ ಜಾಗಾನ ಇಲ್ರಿ ಇದಕ್ಕ’ ಎಂದು ಹೋದ. ಕೊನೆಗೆ ಅದನ್ನು ಜೋಡಿಸಲು ಭಾಗ್ಯನಗರದಿಂದ ಬಂದವನು ಸಾಹುಕಾರರ ಫೋನಿನಲ್ಲಿದ್ದ ಇಮೇಲ್ ಖಾತೆಯನ್ನೇ ಅದರೊಳಗೆ ತೆರೆದ. ಪರದೆಯ ಮೂಲೆಯಲ್ಲಿ, ಒಂದು ಸಣ್ಣ ದುಂಡಿನೊಳಗೆ, ರುಮಾಲು ಸುತ್ತಿದ ಅವರ ಮುಖ ಮೂಡಿತು.

‘ಬಣ್ಣಕ್ಕಿಂತ ಇದ ಛಲೋ ಆತು’ ಎಂದರು ಸಾಹುಕಾರರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ದಿನಾ ಮುಂಜಾನೆ ಮೊದಲು ಆ ಮೂಲೆಯನ್ನೇ ಒರೆಸುತ್ತಿದ್ದೆ.

ಕೆಲವು ತಿಂಗಳು ಕಳೆದವು. ಸಾಹುಕಾರರು ಗ್ರಂಥಾಲಯಕ್ಕೆ ದಿನವೂ ಬರತೊಡಗಿದರು, ಓದಲಿಕ್ಕಲ್ಲ. ಒಮ್ಮೆ, ಕಂಪ್ಯೂಟರಿನಿಂದ ಎದ್ದು ಬಂದು ಪೇಪರು ಓದುತ್ತಿದ್ದ ನಿವೃತ್ತ ಮಾಸ್ತರರ ಹಿಂದೆ ನಿಂತು ಕೇಳಿದರು:

‘ಏನ್ರಿ ಮಾಸ್ತರ, ಮೂಲವ್ಯಾಧಿಗೆ ಮೂಲಂಗಿ ಛಲೋ ಏನ್ರಿ?’

ಮಾಸ್ತರರ ಮುಖ ಬಿಳಿಚಿತು. ‘ಯಾರ್ ಹೇಳಿದ್ರಿ ನಿಮಗ?’

‘ನನಗ ಎಲ್ಲಾ ಗೊತ್ತಾಗ್ತೈತ್ರೀ. ಕುಂಡ್ರೂದಾದ್ರ ಮೆತ್ತಗ ಕುಂಡ್ರರಿ!’

ಕೂತವರೆಲ್ಲ ನಕ್ಕರು, ನಾನೂ ನಕ್ಕೆ. ಮಾಸ್ತರರು ಪೇಪರು ಮಡಚದೆ ಎದ್ದು ಹೋದರು. ಮರುದಿನ ಅವರ ಕುರ್ಚಿ ಖಾಲಿ. ಅದರ ಮರುದಿನವೂ ಖಾಲಿ. ಯಾರೋ ನಾನೇ ಚಾಡಿ ಹೇಳಿದ್ದೇನೆಂದು ಆಡಿಕೊಂಡದ್ದು ಕಿವಿಗೆ ಬಿತ್ತು.

ಆ ದಿನಗಳಲ್ಲಿ ಗಂಗಾವತಿಗೆ ಕೊಟ್ಟಿದ್ದ ನಮ್ಮೂರ ಹೆಣ್ಣುಮಗಳೊಬ್ಬಳು ತವರಿಗೆ ಬಂದಿದ್ದಳು. ಎಡಗೈಗೆ ಹಾಕಿದ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಹೇಗೆ ಮುರಿಯಿತೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಹಿರಿಯರು ಕೂತು ಅವಳನ್ನು ಗಂಡನ ಮನೆಗೆ ತಿರುಗಿ ಕಳಿಸುವುದೆಂದು ಮಾತಾಡಿದ್ದರು. ಆ ಹಿರಿಯರಲ್ಲಿ ಸಾಹುಕಾರರೂ ಒಬ್ಬರು. ಅವ್ವನಿಗೆ ವಾರಪತ್ರಿಕೆ ಒಯ್ಯುವ ನೆಪದಲ್ಲಿ ಅವಳು ಮಧ್ಯಾಹ್ನ ಬಂದು, ಕಂಪ್ಯೂಟರಿನ ಮುಂದೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು.

ಅಂಥದೊಂದು ಮಧ್ಯಾಹ್ನ ಸಾಹುಕಾರರು ಬಂದು ಫ್ಯಾನಿನ ಕೆಳಗೆ ಕೂತರು. ಅವಳು ಬೀರುವಿನ ಆಚೆ, ಹೆಂಗಸರ ಬೆಂಚಿನಲ್ಲಿದ್ದಳು. ಅವರಿಗೆ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿದ್ದಳು.

‘ತಮ್ಮಾ, ಇಲ್ಲಿ ಬಾ’ ಎಂದು ಫೋನು ನನ್ನ ಮುಂದೆ ಹಿಡಿದರು. ‘ಗಂಡ ಹೊಡದ್ರ ಕೊಪ್ಪಳದಾಗ ಹೆಣ್ಮಕ್ಕಳಿಗೆ ಇರಾಕ ಜಾಗ ಎಲ್ಲೈತಿ. ಇದನ್ನ ಯಾರ್ ಹುಡುಕ್ಯಾರ ಇಲ್ಲಿ ಕುಂತು?’

ಬೀರುವಿನ ಆಚೆ ಹಾಳೆ ತಿರುವುವ ಸಪ್ಪಳ ನಿಂತಿತು.

‘ಹೇಳಾಂಗಿಲ್ರಿ.’

‘ಹೇಳಾಂಗಿಲ್ಲ? ಕಂಪ್ಯೂಟರ್ ಯಾರದಲೇ?’

‘ಕೊಟ್ಟೋರು ನೀವರಿ. ಆದ್ರ ಯಾರು ಏನ್ ಓದಿದ್ರು ಅನ್ನೂದು ನನ್ನ ಬಾಯಿಂದ ಇವತ್ತಿನ ತನಕ ಬಂದಿಲ್ರಿ.’

‘ಎಂಟನೇತ್ತಾ ದಾಟಲಿಲ್ಲ, ನನಗ ಕಾಯ್ದೆ ಹೇಳ್ತಾನ ನೋಡು!’ ಅವರು ಎದ್ದರು. ‘ನನಗೊಂದು ಅಂದಾಜೈತಿ. ಸಂಜೀಕ ಆಕಿ ಅಣ್ಣನ್ನ ಕರ್ಕೊಂಡ್ ಬರ್ತೀನಿ. ನೀ ಹೇಳದಿದ್ರ ಬ್ಯಾಡ, ಫೋನ್ ಹೇಳ್ತೈತಿ.’

ಅವರು ಹೋದ ಮೇಲೆ ಅವಳು ಎದ್ದು ಬಂದಳು.

‘ಅಣ್ಣಾ, ನಾಳೆ ಮುಂಜಾನಿ ಬಸ್ಸಿಗೆ ಬಾ ಅಂದಾರ ಕೊಪ್ಪಳದಾಗಿನೋರು. ಇದ ಗೊತ್ತಾದ್ರ ನಮ್ಮಣ್ಣ ನನ್ನ ಹೊಸ್ತಿಲ ದಾಟಾಕ ಬಿಡಂಗಿಲ್ಲ.’

‘ನಾ ಯಾರಿಗೂ ಹೇಳಿಲ್ಲ ತಂಗಿ. ಅವರ ಫೋನಿಗೆ ಹೆಂಗ್ ಹೋತು?’

ಅವಳು ಪರದೆಯನ್ನೇ ನೋಡಿದಳು. ಆಮೇಲೆ ಬೆರಳು ಮೂಲೆಯ ಮುಖದ ಕಡೆ ಹೋಯಿತು. ‘ಇವರ ಖಾತೆ ತೆರೆದ ಇಟ್ಟೀರಲ್ಲ ಅಣ್ಣಾ. ನಾವು ಇಲ್ಲಿ ಹುಡುಕಿದ್ದೆಲ್ಲಾ ಅಲ್ಲಿ ಕಾಣ್ತೈತಿ. ನನಗೂ ಈಗ ಹೊಳೀತು.’

ಫ್ಯಾನಿನ ಮೇಲೆ ಬಣ್ಣದಲ್ಲಿ ಬರೆದ ಹೆಸರು ಯಾರನ್ನೂ ನೋಡುವುದಿಲ್ಲ. ನಾನು ದಿನಾ ಒರೆಸುತ್ತಿದ್ದ ಈ ಮುಖ ನೋಡುತ್ತಿತ್ತು.

ಮೇಲ್ವಿಚಾರಕರಿಗೆ ಫೋನು ಮಾಡಿದೆ. ‘ಮುಟ್ಟಬ್ಯಾಡೋ ಮಾರಾಯಾ, ಕಂಪ್ಯೂಟರ್ ವಾಪಸ್ ಒಯ್ತಾರ’ ಎಂದರು.

‘ಒಯ್ಲಿ ಬಿಡ್ರಿ’ ಎಂದು ಫೋನಿಟ್ಟೆ.

ನಾನು ಕೂತೆ, ಅವಳು ಪಕ್ಕದಲ್ಲಿ ನಿಂತು ಎಲ್ಲಿ ಒತ್ತಬೇಕೆಂದು ಹೇಳುತ್ತ ಹೋದಳು. ಮೊದಲು, ಹುಡುಕಿದ್ದನ್ನೆಲ್ಲ ಅಳಿಸಬೇಕು, ಆಗ ಅವರ ಫೋನಿನಲ್ಲೂ ಅಳಿಯುತ್ತದೆ. ಆಮೇಲೆ ಖಾತೆಯನ್ನು ಹೊರಗೆ ಹಾಕಬೇಕು. ನೆಟ್ಟು ನಿಧಾನ. ಕರೆಂಟು ಹೋಗುವ ಹೊತ್ತು ಬೇರೆ ಹತ್ತಿರವಾಗಿತ್ತು. ಅಳಿಸು ಎಂದು ಒತ್ತಿದೆ, ಚಕ್ರ ತಿರುಗಿತು, ನಿಂತಿತು. ಹೊರಗೆ ಎಂದು ಒತ್ತಿದೆ. ಅಷ್ಟರಲ್ಲಿ ಪರದೆ ಕಪ್ಪಾಯಿತು. ತಲೆಯ ಮೇಲೆ ಫ್ಯಾನು ನಿಧಾನವಾಗುತ್ತ, ಸಾಹುಕಾರರ ಹೆಸರಿನ ಒಂದೊಂದೇ ಅಕ್ಷರ ಕಾಣತೊಡಗಿತು.

‘ಅಳದೈತೇನು?’ ಎಂದೆ.

‘ಗೊತ್ತಿಲ್ಲಣ್ಣಾ’ ಎಂದು ಸೆರಗು ಹೊದ್ದು ಮನೆಗೆ ಹೋದಳು.

ಇಳಿಹೊತ್ತಿಗೆ ಕರೆಂಟು ಬಂತು. ಮೂಲೆಯಲ್ಲಿ ಮುಖವಿರಲಿಲ್ಲ. ಆದರೆ ಅವರ ಫೋನಿನಲ್ಲಿ ಅಳಿಸಿಹೋಗಿದೆಯೋ ಇಲ್ಲವೋ ತಿಳಿಯುವ ದಾರಿ ನನಗಿರಲಿಲ್ಲ. ರಟ್ಟು ಕಟ್ಟುವ ಸೂಜಿಗೆ ದಾರ ಪೋಣಿಸಿ, ಹರಿದ ಪುಸ್ತಕವೊಂದನ್ನು ಹೊಲಿಯುತ್ತ ಕೂತೆ.

ಸಾಹುಕಾರರು ಅವಳ ಅಣ್ಣನೊಂದಿಗೆ ಬಂದರು. ‘ನೋಡು, ನಿನ್ನ ಕಣ್ಣಿಂದನ ನೋಡು’ ಎಂದು ಫೋನು ತೆರೆದರು. ಹೆಬ್ಬೆರಳು ಮೇಲೆ ಕೆಳಗೆ ಓಡಾಡಿತು. ಮತ್ತೆ ಓಡಾಡಿತು. ಅಣ್ಣ ಇಣುಕಿ ನೋಡಿದ.

‘ಏನೂ ಇಲ್ಲಲ್ರಿ ಕಾಕಾ ಇದರಾಗ.’

‘ಮಧ್ಯಾಹ್ನ ಇತ್ತೋ ಮಾರಾಯಾ!’

‘ದನಾ ಕಟ್ಟೂ ಹೊತ್ನ್ಯಾಗ ಇದಕ್ಕ ಕರ್ಕೊಂಡ್ ಬಂದ್ರೇನ್ರಿ ನನ್ನ?’ ಎಂದು ಗೊಣಗುತ್ತ ಹೊರಟುಹೋದ.

ಆಗ ಸಾಹುಕಾರರ ಕಣ್ಣು ಪರದೆಗೆ ಬಿತ್ತು. ‘ನನ್ನ ಫೋಟೋ ಎಲ್ಲೈತಿ?’

‘ತೆಗದೀನ್ರಿ. ಇಲ್ಲಿ ಓದಾಕ ಬಂದೋರದೆಲ್ಲಾ ನಿಮ್ಮ ಕಿಸೇದಾಗ ಹೊಂಟಿತ್ತು. ಅದನ್ನ ಅಳಸೂ ಮುಂದ ನೀವು ಹುಡುಕಿದ್ದೂ ಅಳದೈತಿ. ಅದನ್ನೂ ಈಗ ಹೇಳಾಕ ಹತ್ತೀನ್ರಿ.’

ಅವರು ಬಹಳ ಬೈದರು. ನಾನು ನಿಂತು ಕೇಳಿದೆ. ಮರುದಿನ ಅವರು ಆಳುಗಳೊಂದಿಗೆ ಬಂದು, ಕಂಪ್ಯೂಟರನ್ನು ಟಂಟಂ ಗಾಡಿಗೆ ಹೇರಿಸಿದರು. ಅಷ್ಟು ಹೊತ್ತಿಗೆ ಕೊಪ್ಪಳದ ಬಸ್ಸು ತಳಕಲ್ ದಾಟಿತ್ತು, ಅವಳು ಅದರಲ್ಲಿದ್ದಳು.

‘ಫ್ಯಾನೂ ಬಿಚ್ಚಲೇನ್ರಿ?’ ಎಂದು ನಾನೇ ಕೇಳಿದೆ.

ಸಾಹುಕಾರರು ಮೇಲೆ ನೋಡಿದರು. ‘ಇರ್ಲಿ ಬಿಡು. ಹೆಸರೈತಲ್ಲ.’

ಮಾಸ್ತರರ ಮನೆಗೆ ನಾನೇ ಹೋಗಿ ನಡೆದದ್ದನ್ನು ಹೇಳಿದೆ. ವಾರದ ಮೇಲೆ ಅವರು ತಮ್ಮ ಕುರ್ಚಿಗೆ ಬಂದರು. ಮುಂದೆ ಸರಕಾರದಿಂದಲೇ ಕಂಪ್ಯೂಟರುಗಳು ಬಂದವು. ಒಬ್ಬರು ಎದ್ದರೆ ಅವರು ತೆರೆದದ್ದನ್ನೆಲ್ಲ ಮುಚ್ಚಿಸಿ, ಅಳಿಸಿ, ಆಮೇಲೆಯೇ ಇನ್ನೊಬ್ಬರನ್ನು ಕೂರಿಸುತ್ತೇನೆ. ಎಂಥವರು ಅವಸರ ಮಾಡಿದರೂ ಅಷ್ಟೇ.

ಈಗ ನನ್ನ ಸುಪರ್ದಿಯಲ್ಲಿ ಇರುವುದು ಇಷ್ಟು: ಯಾರ ಮುಖವೂ ಇಲ್ಲದ ಎರಡು ಕಂಪ್ಯೂಟರು, ಹನ್ನೊಂದು ಕುರ್ಚಿ, ನಾನೇ ರಟ್ಟು ಕಟ್ಟಿದ ನಾಲ್ಕು ಬೀರು ಪುಸ್ತಕ, ಹೆಸರಿರುವ ಒಂದು ಫ್ಯಾನು, ಒಂದು ಕೀಲಿಕೈ.