ಆತು ಎಂಬ ಎರಡಕ್ಷರ

ಅವ್ವನ ಸೀರೆಯೊಂದು ಸೆರಗಿಗೆ ಗೊಂಡೆ ಕಟ್ಟಿಸಿಕೊಳ್ಳಲೆಂದು ನಮ್ಮ ಬನಹಟ್ಟಿಯ ಓಣಿಯ ಗಂಗಕ್ಕನ ಮನೆಗೆ ಹೋಗಿ ಬಹಳ ದಿನವಾಗಿತ್ತು. ಕೇಳಲು ಹೋದೆ.

"ಗಂಗಕ್ಕಾ, ಸೀರಿ ಆತೇನ?"

"ಆತ ತಮ್ಮಾ, ಆತು," ಎಂದಳು, ಒಲೆಯಿಂದ ಮುಖ ತಿರುಗಿಸದೆ. ಸೀರೆ ನಾನು ಕೊಟ್ಟ ಮಡಿಕೆಯಲ್ಲೇ ಗೂಟಕ್ಕೆ ತೂಗುತ್ತಿತ್ತು. ಸೆರಗಿನ ಎಳೆಗಳು ಬಿಡಿಬಿಡಿಯಾಗಿ ಗಾಳಿಗೆ ಆಡುತ್ತಿದ್ದವು.

ನಮ್ಮ ಸೀಮೆಯ ಈ 'ಆತು' ಇದೆಯಲ್ಲ ಗೆಳೆಯರೇ, ಅದು ಮುಗಿದ ಕೆಲಸಕ್ಕೂ ಸಲ್ಲುತ್ತದೆ, ಇನ್ನೂ ಕೈಯಿಡದ ಕೆಲಸಕ್ಕೂ ಸಲ್ಲುತ್ತದೆ. 'ಮುಗಿಯಿತು' ಎಂಬುದೂ ಆತು, 'ಆಗಲಿ, ಮಾಡುತ್ತೇನೆ' ಎಂಬುದೂ ಆತು. ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನನಗೆ, ಒಂದು ಪದ ಎರಡು ಅರ್ಥಗಳ ನಡುವೆ ಹೀಗೆ ಜಾರಾಡುವುದು ಸಹಿಸಲಾಗದ ಸಂಗತಿ. ಅದೇ ಪದ ದೇಶವಿದೇಶದ ಗಣಿತಜ್ಞರ ಎದುರು ಹೋಗಿ ನಿಲ್ಲುತ್ತದೆಂದು ಮಾತ್ರ ಎಣಿಸಿರಲಿಲ್ಲ.

ನಿಲ್ಲಿಸಿದವಳು ನನ್ನ ದೊಡ್ಡಪ್ಪನ ಮಗಳು ಶೋಭಕ್ಕ, ಜಮಖಂಡಿಯ ಕಾಲೇಜೊಂದರ ಗಣಿತದ ಅಧ್ಯಾಪಕಿ. ಎರಡಕ್ಕಿಂತ ದೊಡ್ಡದಾದ ಯಾವ ಸಮಸಂಖ್ಯೆಯನ್ನು ತೆಗೆದುಕೊಂಡರೂ ಅದನ್ನು ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಒಡೆಯಬಹುದೆಂದು ಒಂದು ಮಾತಿದೆ: ಹತ್ತೆಂದರೆ ಮೂರು ಮತ್ತು ಏಳು, ನೂರೆಂದರೆ ನಲವತ್ತೇಳು ಮತ್ತು ಐವತ್ತಮೂರು. ಸಾಲೆಯ ಮಕ್ಕಳಿಗೂ ತಿಳಿಯುವ ಈ ಮಾತನ್ನು ಇದುವರೆಗೆ ಯಾರಿಂದಲೂ ಸಾಧಿಸಿ ತೋರಿಸಲಾಗಿಲ್ಲ. ಶೋಭಕ್ಕ ಎಷ್ಟೋ ವರ್ಷಗಳ ಬೆಳಗಿನ ಹೊತ್ತನ್ನು ಅದಕ್ಕೇ ಸುರಿದಿದ್ದಳು. ಕೊನೆಗೊಂದು ದಿನ ತನ್ನ ಸಾಧನೆಯನ್ನು ಗಣಿತಾಸಕ್ತರ ಜಾಲತಾಣದಲ್ಲಿ ಹಾಕಿದಳು. ಪಠ್ಯಪುಸ್ತಕಗಳು 'ಸಾಧಿಸಲಾಗಿದೆ' ಎಂದು ಬರೆಯುವ ಜಾಗದಲ್ಲಿ, ಸಂತೋಷ ತಡೆಯಲಾರದೆ, ಕನ್ನಡದಲ್ಲೇ 'ಆತು' ಎಂದು ಬರೆದುಬಿಟ್ಟಳು.

ಪರದೇಶದವರು ಅದನ್ನು ಗಣಿತದ ಹೊಸ ಚಿಹ್ನೆಯೆಂದು ತಿಳಿದರು! ಅರ್ಥ ಗೊತ್ತಾದ ಮೇಲಂತೂ ಕೇಳಬೇಡಿ. ಅರ್ಧ ಬಣ್ಣ ಬಳಿದ ಗೋಡೆ, ತೊಳೆಯದ ಪಾತ್ರೆಗಳ ರಾಶಿ, ಏನೇ ಚಿತ್ರ ಹಾಕಿದರೂ ಕೆಳಗೆ 'ಆತು'. ನಮ್ಮವರು ಹಿಂದೆ ಬೀಳುತ್ತಾರೆಯೇ? ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಕಡೆ ಕಬ್ಬು ಹೊತ್ತು ಹೊರಟ ಟ್ರ್ಯಾಕ್ಟರಿನ ಚಿತ್ರ ಹಾಕಿ ಒಬ್ಬ ಬರೆದ: "ಎಷ್ಟ ದೊಡ್ಡ ಲೋಡ್ ಇದ್ರೂ ಎರಡ ಟ್ರೇಲರಿನಾಗ ಹಿಡಿತೈತಿ. ಆತು." ಇನ್ನೊಬ್ಬನ ಬೇಡಿಕೆ: "ಮಹಾಲಿಂಗಪುರ ಸ್ಟ್ಯಾಂಡಿಗೆ ಜಮಖಂಡಿ ಬಸ್ ಬರತೈತಿ ಅನ್ನೂದನ್ನ ಮೊದಲ ಸಾಧಿಸ್ರೀ ಮೇಡಂ." ಅವಳದೇ ವಿದ್ಯಾರ್ಥಿಯ ಅಳಲು: "ಇದು ಪರೀಕ್ಷಾಕ ಬರತೈತೇನ್ರಿ?"

ಈ ನಗೆಯ ಸಂತೆಯ ನಡುವೆ, ಹೆಸರು ಹೇಳದ ಒಬ್ಬ ಅಪರಿಚಿತ ಇಡೀ ಬರಹವನ್ನು ಓದಿ ಒಂದೇ ಮಾತು ಬರೆದ: ಒಂದು ಪುಟದಲ್ಲಿ 'ಬಹುತೇಕ ಎಲ್ಲ ಸಂಖ್ಯೆಗಳು' ಎಂದಿರುವುದು ಮುಂದಿನ ಪುಟದಲ್ಲಿ 'ಎಲ್ಲ ಸಂಖ್ಯೆಗಳು' ಆಗಿದೆ, ಹೇಗೆ?

ನಾನು ಆ ಸಂಜೆಯೇ ಜಮಖಂಡಿಯ ಬಸ್ಸು ಹತ್ತಿದೆ. ಮರುದಿನ ಅಕ್ಕ ಅದೇ ಹುಡುಗರ ಎದುರು ನಿಂತು ಪಾಠ ಮಾಡಬೇಕು. ಅಷ್ಟು ವರ್ಷಗಳ ದುಡಿಮೆ ಒಂದು ಪದದ ಮೇಲೆ ಕುಸಿಯಲು ಬಿಡಬಾರದು. ದಾರಿಯುದ್ದಕ್ಕೂ ವಾದ ಹೂಡಿದೆ: ಹೆಸರೇ ಇಲ್ಲದವನ ಆಕ್ಷೇಪಕ್ಕೆ ಬೆಲೆಯೇನು? 'ಬಹುತೇಕ' ಎಂದರೆ ಎಷ್ಟು? ಎಲ್ಲಕ್ಕೂ ಮೇಲೆ, ನನಗೆ ಎಷ್ಟೋ ಬಹುಮಾನ ತಂದ ವಾಕ್ಯ ಇದ್ದೇ ಇತ್ತು: 'ಆ ಪ್ರಮೇಯವೇ ಬರುವುದಿಲ್ಲ!'

ಶೋಭಕ್ಕ ಫೋನು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಆ ತಪ್ಪೇನೆಂದು ಯಾರೋ ಕೇಳಿದ್ದಕ್ಕೆ ಅವಳ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಳು: "ಲಗ್ನದಾಗ ಬಹುತೇಕ ಎಲ್ಲಾರದೂ ಊಟ ಆತು ಅಂದ್ರ, ಬಡಸಾವ್ರದು ಇನ್ನೂ ಆಗಿಲ್ಲ ಅಂತ."

"ನೋಡಲೇ, ನನಗ ತಿಳೀಲಾರದ್ದು ಈ ಹುಡುಗಿಗೆ ಹೆಂಗ್ ತಿಳದೈತಿ! ಬಡಸಾವ್ರನ್ನ ಮರತೇನಿ ನಾ."

"ಅಕ್ಕಾ, ಇದಕ ಉತ್ತರ ಐತಿ. ನಾ ಹೇಳ್ತೇನಿ, ನೀ ಬರಿ."

"ವಾದಾ ಗೆಲ್ಲಾಕ ಬಂದೀಯೇನ ತಮ್ಮಾ? ಇಲ್ಲಿ ಎದುರಿಗೆ ಯಾರೂ ಇಲ್ಲೋ. ಖರೆ ಇದ್ರ ಐತಿ, ಇಲ್ಲಾಂದ್ರ ಇಲ್ಲ."

ಹಾಗೆಂದವಳೇ 'ಖರೆ, ಇನ್ನೂ ಆಗಿಲ್ಲ' ಎಂದು ಬರೆದು, ಕೊನೆಯ ಆ ಎರಡಕ್ಷರವನ್ನು ಅಳಿಸಿದಳು. ಬರಹವನ್ನು ಮಾತ್ರ ತೆಗೆಯಲಿಲ್ಲ.

ನಾನು ಕಂಡ ಯಾವ ವೇದಿಕೆಯಲ್ಲೂ, ಗಂಟೆ ಬಾರಿಸುವ ಮೊದಲು, ಯಾರೂ ಎದುರಾಳಿಗೆ 'ಖರೆ' ಅಂದದ್ದಿಲ್ಲ. ಕನ್ನಡದಲ್ಲಿ ಹಟವನ್ನೂ ಸಾಧಿಸುತ್ತೇವೆ, ಹಗೆಯನ್ನೂ ಸಾಧಿಸುತ್ತೇವೆ, ಪ್ರಮೇಯವನ್ನೂ ಸಾಧಿಸುತ್ತೇವೆ. ಮೊದಲಿನೆರಡಕ್ಕೆ ಸೋಲೊಪ್ಪದ ಗುಣ ಬೇಕು. ಮೂರನೆಯದಕ್ಕೆ ಒಪ್ಪುವ ಗುಣವೇ ಬೇಕೆಂದು ಅಕ್ಕನ ಬೆರಳುಗಳನ್ನು ನೋಡುತ್ತ ಹೊಳೆಯಿತು. ಜಾಲತಾಣದ ನಗೆಯನ್ನು ಕ್ರೌರ್ಯವೆಂದು ಬಗೆದಿದ್ದೆ. ಆದರೆ ಲಗ್ನದ ಪಂಕ್ತಿಯೊಂದು ಮಾಡಿದ ಉಪಕಾರವನ್ನು ನನ್ನ ಯಾವ ತರ್ಕವೂ ಮಾಡುತ್ತಿರಲಿಲ್ಲ.

ಅಷ್ಟರಲ್ಲಿ ಅಪರಿಚಿತನ ಮರುಮಾತು ಬಂತು: ದಾರಿ ಚೆನ್ನಾಗಿದೆ, ಉಳಿದ ಸಂಖ್ಯೆಗಳಿಗೂ ಪ್ರಯತ್ನಿಸುತ್ತೀರಾ? ಅಕ್ಕ 'ಬಹುತೇಕ' ಎಂದಿದ್ದ ಪುಟವನ್ನು ಮತ್ತೆ ತೆರೆದು ನೋಡಿದಳು. ಆಮೇಲೆ, ಈಗಷ್ಟೇ ಅಳಿಸಿದ್ದ ಆ ಎರಡಕ್ಷರವನ್ನೇ ಬರೆದಳು: ಆತು.

ಊರಿಗೆ ಬಂದು ಗಂಗಕ್ಕನ ಮನೆಗೆ ಹೋದೆ. ಅರ್ಧ ಸೆರಗಿಗೆ ಗೊಂಡೆ ಬಿದ್ದಿತ್ತು. ಇನ್ನರ್ಧದ ಎಳೆಗಳು ಹಾಗೇ ಆಡುತ್ತಿದ್ದವು.

"ನಾಳಿಗಿ ಬಾ ತಮ್ಮಾ," ಎಂದಳು, ನನ್ನಿಂದ ಜಗಳವನ್ನು ಎದುರುನೋಡುತ್ತ.

"ಆತು ಗಂಗಕ್ಕಾ," ಎಂದೆ.