ಹರಿದ ಒಬ್ಬಟ್ಟು

ಮೊನ್ನೆ ಪಕ್ಕದ ಮನೆಯಲ್ಲಿ ಒಬ್ಬಟ್ಟಿನ ಸಾರಿಗೆ ಒಗ್ಗರಣೆ ಹಾಕಿದರು. ಆ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ. ದೊಡ್ಡವ್ವ ಕಣ್ಣ ಮುಂದೆ ಬಂದು ನಿಲ್ಲುತ್ತಾಳೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಬ್ಬಟ್ಟಿನ ಮಂಕರಿಯನ್ನು ಕಂಕುಳಲ್ಲಿ ಅವುಚಿಕೊಂಡು...

ಮಧುಗಿರಿ ಬೆಟ್ಟದ ಹಿಂಬದಿಯ ಹಳ್ಳಿಯೊಂದರಲ್ಲಿ ನಮ್ಮದು ಕೂಡುಕುಟುಂಬ. ಪ್ಲೇಗಿನಲ್ಲಿ ಅಪ್ಪ ಹೋದಾಗ ನಾನಿನ್ನೂ ಕೈಗೂಸು. ಅಪ್ಪನ ಅಣ್ಣನ ಹೆಂಡತಿಯಾದ ದೊಡ್ಡವ್ವನೇ ಮನೆಗೆ ಯಜಮಾನಿ. ಯುಗಾದಿಗೆ ಹೂರಣ ರುಬ್ಬುವವಳು ಅವ್ವ, ಹೊಗೆಯಲ್ಲಿ ಕೂತು ಬೇಯಿಸುವವಳು ಅವ್ವ. ಬಡಿಸುವವಳು ಮಾತ್ರ ದೊಡ್ಡವ್ವ. ತುಪ್ಪವೆಲ್ಲ ಅವಳ ಗಂಡುಮಕ್ಕಳ ಎಲೆಗೆ. ಎಲ್ಲರೂ ಉಂಡೆದ್ದ ಮೇಲೆ, ಹೂರಣ ಸೋರಿ ಹೆಂಚಿಗೆ ಹತ್ತಿದ ಹರಿದ ಒಬ್ಬಟ್ಟು ನಮ್ಮಿಬ್ಬರಿಗೆ.

ನನಗೆ ಹತ್ತು ವರ್ಷವಾಗಿದ್ದಾಗಿನ ಯುಗಾದಿ. ತೋವಿನಕೆರೆಯ ನೆಂಟರು ಬಂದಿದ್ದರು. ಅವರಲ್ಲೊಬ್ಬ ಮುದುಕಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಮುತ್ತುಗದ ಎಲೆಯಿಂದ ಒಂದು ಇಡೀ ಒಬ್ಬಟ್ಟನ್ನು ನನ್ನ ಎಲೆಗೆ ಹಾಕಿದಳು. ನಾನು ಮುರಿಯುವಷ್ಟರಲ್ಲಿ ದೊಡ್ಡವ್ವ ಬಂದು ಅದನ್ನು ಎತ್ತಿ ತನ್ನ ಕಿರಿಮಗನ ಎಲೆಗೆ ಹಾಕಿಬಿಟ್ಟಳು.

"ಮುಂಡೆ ಮಗಳಿಗೆ ನಾಲ್ಗೆ ಎಷ್ಟುದ್ದ ನೋಡ್ರಿ!"

ದೊಡ್ಡಪ್ಪ ತಲೆ ತಗ್ಗಿಸಿ ಸಾರು ಕಲೆಸಿಕೊಂಡ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು, ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

"ಇನ್ಮೇಲೆ ನಮ್ಮ ಹಬ್ಬ ನಮ್ಗೆ, ನಿಮ್ಮ ಹಬ್ಬ ನಿಮ್ಗೆ ಕಣಕ್ಕ" ಎಂದಳು.

ಮಾರನೆಯ ದಿನವೇ ಹಿಂದಿನ ದನದ ಕೊಟ್ಟಿಗೆಯಲ್ಲಿ ಮೂರು ಕಲ್ಲಿನ ಒಲೆ ಹೂಡಿದಳು. ಹುಲಿಕುಂಟೆಯಿಂದ ಸೋದರಮಾವ ಎರಡು ಕುರಿ ಹೊಡೆದುಕೊಂಡು ಬಂದು ಕಟ್ಟಿಹೋದ. ಅವೇ ಬೆಳೆದು ಮಂದೆಯಾಗಿ ನಮ್ಮನ್ನು ಸಾಕಿದವು. ಮೊದಮೊದಲು ಹಬ್ಬಕ್ಕೂ ನಮಗೆ ಮುದ್ದೆ, ಸೊಪ್ಪಿನ ಸಾರು. ದೊಡ್ಡವ್ವ ಗೋಡೆಯಾಚೆ ನಿಂತು ಬೀದಿಗೆಲ್ಲ ಕೇಳುವಂತೆ, "ಹಬ್ಬದ ದಿನ ಯಾರೋ ಸೊಪ್ಪು ಬೇಯಿಸ್ತಾವ್ರೆ ಕಣಮ್ಮ, ಗಬ್ಬು!" ಎನ್ನುತ್ತಿದ್ದಳು. ಅವ್ವ ತನ್ನ ಪಾಡಿಗೆ ಮುದ್ದೆ ತಿರುವುತ್ತಿದ್ದಳು. ನಾನು ಮಾತ್ರ ಅವಳು ಸಾಯಲಿ ಎಂದು ಊರ ದೇವರಿಗೆಲ್ಲ ಹರಕೆ ಹೊರುತ್ತಿದ್ದೆ.

ದೊಡ್ಡಪ್ಪ ತೀರಿಕೊಂಡ ಮೇಲೆ ಅವಳ ಗಂಡುಮಕ್ಕಳೂ ಬೇರೆಯಾದರು. ಒಂದೇ ಸೂರಿನಡಿ ಒಲೆಗಳು ಹೆಚ್ಚಿದವು, ಪಂಕ್ತಿ ಮುರಿಯಿತು. ಯುದ್ಧದ ಕಾಲ, ಅಕ್ಕಿ ಸಿಗುವುದೇ ಕಷ್ಟ. ಅಂಥದೊಂದು ಯುಗಾದಿಗೆ ನಾನು ಗಂಡನ ಮನೆಯಿಂದ ತವರಿಗೆ ಬಂದಿದ್ದೆ. ತಾಯಿಗೆ ಅಣ್ಣ ಇಕ್ಕುತ್ತಾನೆಂದು ತಮ್ಮ, ತಮ್ಮ ಇಕ್ಕುತ್ತಾನೆಂದು ಅಣ್ಣ ಸುಮ್ಮನಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ದೊಡ್ಡವ್ವ ನಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು.

"ನಿಂಗಿಲ್ಲಿ ಏನ್ ಕೆಲ್ಸ?" ಎಂದೆ ನಾನು.

ಅವ್ವ ನನ್ನನ್ನು ಸರಿಸಿ ಎಲೆ ಹಾಕಿದಳು. ಇಡೀ ಒಬ್ಬಟ್ಟು, ಮೇಲೆ ತುಪ್ಪ. ದೊಡ್ಡವ್ವ ತಲೆಯೆತ್ತದೆ ಉಂಡಳು. ಕೈತೊಳೆದು, "ಸಾರಿಗೆ ಉಪ್ಪು ಜಾಸ್ತಿ ಆಗೈತೆ" ಎಂದು ಹೇಳಿ ಹೊರಟುಹೋದಳು.

ನಾನು ಅವ್ವನ ಮೇಲೆ ಹರಿಹಾಯ್ದೆ. "ಅಂಥೋಳಿಗೆ ಯಾಕವ್ವ ಇಕ್ಕಿದ್ದು?"

ಅವ್ವ ಎಲೆ ಮಡಿಸುತ್ತ ಅಂದಳು: "ಕರುಣೆಗಲ್ಲ ಕಣೆ. ಬಡಿಸೋ ಕೈ ಈಗ ಯಾರ್ದು ಅಂತ ಅವಳಿಗೆ ಗೊತ್ತಾಗ್ಲಿ ಅಂತ ಇಕ್ಕಿದೆ. ಗೊತ್ತಾಯ್ತು. ಅದ್ಕೇ ಉಪ್ಪಿನ ಮಾತು."

ಮುಂದಿನ ಯುಗಾದಿಗೆ ದೊಡ್ಡವ್ವ ಇರಲಿಲ್ಲ. ನಾನು ಅಳಲಿಲ್ಲ. ಅತ್ತವಳು ಅವ್ವ, ಯಾಕೆ ಎಂದು ಕೇಳಬೇಕಿತ್ತು... ಕೇಳುವ ಮೊದಲೇ ಅವಳೂ ಹೋದಳು.

ಈಗ ನಮ್ಮ ಮನೆಯಲ್ಲಿ ಹಬ್ಬದ ದಿನ ಹಸಿವಾದವರು ಹಸಿವಾದಾಗ ಉಣ್ಣುತ್ತಾರೆ. ದೊಡ್ಡವ್ವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಅವಳು ಎಂಥವಳೆಂದು ಹೇಳಹೊರಟರೆ ಮೊಮ್ಮಕ್ಕಳು, "ಯಾರಜ್ಜಿ ಅದು?" ಎನ್ನುತ್ತಾರೆ. ಅವಳನ್ನು ನಾನು ಬೈದರೆ ಹೌದೆಂದು ತಲೆಯಾಡಿಸುವವರು ಕೂಡ ಈಗ ಒಬ್ಬರೂ ಉಳಿದಿಲ್ಲ.