ಬಿಚ್ಚಿ ತಂದ ಗಂಟೆ

ಅಂಚೆಟ್ಟಿ ಕಡೆಯ ಗೌಡರೊಬ್ಬರ ಹೊಲದಲ್ಲಿ ಗುಡಿಸಲು ಹಾಕಿಕೊಂಡು, ನಾನೂ ನಮ್ಮತ್ತೆಯೂ ಅವರ ಹೆಣ್ಣುಕರುಗಳನ್ನು ಪಾಲಿಗೆ ಸಾಕುತ್ತಿದ್ದೆವು. ಕರು ಬೆಳೆದು ಕಡಸಾಗಿ ಗಬ್ಬವಾದ ಮೇಲೆ ಹೊಲದಾಚೆಯ ಗೌಡರ ಕೊಟ್ಟಿಗೆಗೆ ಬಿಟ್ಟುಬರಬೇಕು. ಅದು ಈಯುವ ಮೊದಲ ಕರು ನಮ್ಮದು. ಬಿಟ್ಟುಬರುವಾಗ ಕೊರಳ ಗಂಟೆ ಬಿಚ್ಚಿ ತರುವುದು ವಾಡಿಕೆ.

ಯುದ್ಧ ಮುಗಿದ ವರ್ಷ ಒಂದು ಕೆಂಪು ಕಡಸನ್ನು ಹಾಗೆ ಬಿಟ್ಟುಬಂದೆ. ಗಂಟೆ ಸುಮ್ಮನೆ ಯಾಕೆ ಗೂಟಕ್ಕೆ ನೇತಾಡಬೇಕೆಂದು ಮಾರನೆಯ ದಿನವೇ ಹೊಸ ಕರುವಿಗೆ ಕಟ್ಟಿದೆ. ನನ್ನ ಬುದ್ಧಿ ಅಷ್ಟೇ. ಮಧ್ಯಾಹ್ನ ಆ ಸದ್ದು ಕೇಳಿದ ಕೆಂಪು ಕಡಸು ಹಗ್ಗ ಕಿತ್ತುಕೊಂಡು ಓಡಿಬಂತು. ಕಳ್ಳಿಬೇಲಿ ಹಾರುವಾಗ ಮುಗ್ಗರಿಸಿ ಬಿತ್ತು. ಸಂಜೆಯೊಳಗೆ ತಿಂಗಳು ತುಂಬದ ಕಂದು ಹಾಕಿತು. ಮೈಮೇಲೆ ಕೂದಲೂ ಮೂಡದ ಆ ಕರುವೇ ನಮ್ಮ ಪಾಲು.

“ಗಂಟೆ ಬಿಚ್ಕೊಂಡು ಬರೋದು ಯಾಕಂದ್ಕೊಂಡಿದ್ದೆ? ಈಯೋಗಂಟ ಅದ್ರ ಸದ್ದು ಕಡಸ್ಗೆ ಕೇಳ್ಬಾರ್ದು ಕಣಮ್ಮಿ,” ಅಂದರು ಅತ್ತೆ.

ಗಂಟೆಯನ್ನು ಹಳ್ಳದ ಮಡುವಿಗೆ ಎಸೆದೆ. ಆದರೂ ಕೆಂಪು ಕಡಸು ಬಂದು ಬೇಲಿಯಾಚೆ ನಿಲ್ಲುತ್ತಿತ್ತು, ಹೊಸ ಕರುವನ್ನು ಕರೆಯುವ ನನ್ನ ದನಿ ಕೇಳಿ.

ಆಮೇಲೆ ಎಷ್ಟೋ ಕರು ಸಾಕಿದೆ. ಒಂದನ್ನೂ ಬಾಯಿಬಿಟ್ಟು ಕರೆಯಲಿಲ್ಲ.